ಸಾಹೇಬರ ಕುರ್ಚಿಯಲ್ಲಿ ನಾನು

ಅಕ್ಕೋರು ತೀರಿಕೊಂಡ ಮೇಲೆ ನಮ್ಮ ಶಿಕ್ಷಕರ ಸಂಘದವರು ಒಂದು ನೆನಪಿನ ಸಂಚಿಕೆ ತಂದರು. ಅದಕ್ಕೆ ನಾನೂ ಅರ್ಧ ಪುಟ ಬರೆದುಕೊಟ್ಟೆ. ಮಾತೃಹೃದಯಿ, ನೊಂದವರ ಪಾಲಿನ ಬೆಳಕು, ತುಂಬಲಾರದ ನಷ್ಟ ಎಂದೆಲ್ಲ ಬರೆದೆ. ನಿವೃತ್ತರಾದವರಿಗೂ ವರ್ಗವಾದವರಿಗೂ ಸತ್ತವರಿಗೂ ನಾವು ಮಾಸ್ತರ ಮಂದಿ ಬರೆಯುವುದು ಅದೇ ಮಾತು. ನನ್ನ ಅರ್ಧ ಪುಟದ ಎದುರಿಗೆ ದುಮ್ಮವಾಡದಾಕೆಯದು ಇಡೀ ಪುಟ, ಫೋಟೊ ಸಮೇತ. ಫೋಟೊದಲ್ಲಿ ಆಕೆ ಅಕ್ಕೋರ ಬಾಜೂಕೆ ನಿಂತಿದ್ದಾಳೆ, ಅಕ್ಕೋರ ಕೈ ಆಕೆಯ ಹೆಗಲ ಮೇಲಿದೆ. ಆ ಫೋಟೊ ತೆಗೆದವಳು ನಾನು. ಅದನ್ನು ಯಾರೂ ಎಲ್ಲಿಯೂ ಬರೆದಿಲ್ಲ.

ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಇದರಲ್ಲಿ ದುಮ್ಮವಾಡದಾಕೆಯ ಹೆಸರು ಬರುವುದಿಲ್ಲ, ನನ್ನ ಬಾಯಲ್ಲೂ ಅದು ಬರುವುದಿಲ್ಲ. ಇವಳೆಂಥ ಹೊಟ್ಟೆಕಿಚ್ಚಿನ ಹೆಂಗಸು ಎಂದು ಅಂದುಕೊಳ್ಳುವವರು ಅಂದುಕೊಳ್ಳಲಿ. ಅದೇನೂ ಸುಳ್ಳಲ್ಲ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ನಾನೂ ಅಕ್ಕೋರೇ, ದುಮ್ಮವಾಡದಾಕೆಯೂ ಅಕ್ಕೋರೇ. ಆದರೆ ನವಲಗುಂದ ತಾಲೂಕಿನಲ್ಲಿ ಮುಂದೆ ಹಿಂದೆ ಏನೂ ಸೇರಿಸದೆ ಬರೀ ‘ಅಕ್ಕೋರು’ ಎಂದರೆ ಅವರೊಬ್ಬರೇ. ಮದುವೆಯಾಗಿರಲಿಲ್ಲ. ಸಾಲಿ ಬಿಟ್ಟರೆ ಸಂಘ, ಸಂಘ ಬಿಟ್ಟರೆ ಸಾಲಿ. ಬಾಜು ಮನೆಯಲ್ಲಿ ತಮ್ಮನ ಸಂಸಾರವಿತ್ತು, ಊಟ ಮಾತ್ರ ತಾವೇ ಮಾಡಿಕೊಳ್ಳುತ್ತಿದ್ದರು. ಸಂಘದ ಪದಾಧಿಕಾರಿಗಳೆಲ್ಲ ಗಂಡಸರು. ಆದರೆ ಯಾರದಾದರೂ ತೊಂದರೆ ಬಂತೆಂದರೆ ಆ ಗಂಡಸರೇ, “ಅಕ್ಕೋರನ್ನ ಒಂದ್ ಮಾತ್ ಕೇಳ್ರಿ,” ಎನ್ನುತ್ತಿದ್ದರು.

ನನ್ನನ್ನೂ ಹಾಗೇ ಕಳಿಸಿದ್ದರು. ಆಗ ನನ್ನ ಮಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅಂಥಾದ್ದರಲ್ಲಿ ನನ್ನನ್ನು ಅಣ್ಣಿಗೇರಿ ಆಚೆಯ ಒಂದು ಹಳ್ಳಿಗೆ ನಿಯೋಜನೆ ಮೇಲೆ ಹಾಕಿದ್ದರು. ಎರಡು ಬಸ್ಸು ಬದಲಿಸಬೇಕು, ಆಮೇಲೆ ಎರೆ ಮಣ್ಣಿನಲ್ಲಿ ನಡೆಯಬೇಕು, ಮಳೆ ಬಂದರೆ ಚಪ್ಪಲಿ ಕೈಯಲ್ಲಿ. ನಾನು ಸಂಘದ ಆಫೀಸಿಗೆ ಹೋಗಿ ಬಾಯಿಗೆ ಬಂದಂತೆ ಕೂಗಾಡಿದೆ. ಮೂಲೆಯಲ್ಲಿ ಕುಳಿತು ಯಾರದೋ ಅರ್ಜಿ ತಿದ್ದುತ್ತಿದ್ದ ಅಕ್ಕೋರು ತಲೆ ಎತ್ತದೆ ಹೇಳಿದರು: “ಬೈಯಾಕ ಅಗದಿ ಛಲೋ ಬರತೈತಿ ನಿನಗ. ಕೇಳಾಕ ಬರಂಗಿಲ್ಲ. ಐತವಾರ ಮನಿಗೆ ಬಾ.”

ಆ ಭಾನುವಾರ ಅವರ ಪಡಸಾಲೆಯಲ್ಲಿ ನಾನು ಮೊದಲ ಸಲ ತಾಲೀಮು ನೋಡಿದ್ದು. ನೆಲಕ್ಕೆ ಒಂದು ಜಮಖಾನೆ, ಅದರ ಎದುರಿಗೆ ಒಂದೇ ಒಂದು ಕಟ್ಟಿಗೆ ಕುರ್ಚಿ. ಕುರ್ಚಿಯಲ್ಲಿ ಕುಳಿತವರು ಶಿಕ್ಷಣಾಧಿಕಾರಿ, ಅಂದರೆ ಸಾಹೇಬರು. ತೊಂದರೆಯಿದ್ದವರು ಜಮಖಾನೆಯ ಮೇಲೆ ನಿಂತು ತಮ್ಮ ಅಹವಾಲು ಹೇಳಬೇಕು. ಸಾಹೇಬರು ಏನೇನು ನೆಪ ತೆಗೆಯಬಹುದೋ ಎಲ್ಲ ತೆಗೆಯಬೇಕು. ನಾಳೆ ಆಫೀಸಿನಲ್ಲಿ ಗಂಟಲು ಕಟ್ಟಬಾರದು, ಕಣ್ಣಲ್ಲಿ ನೀರು ಬರಬಾರದು, ಸಿಟ್ಟು ಬರಬಾರದು ಎಂದು ಇಷ್ಟೆಲ್ಲ. ಸಂಘದ ಬೇರೆ ಯಾವ ತಾಲೂಕಿನಲ್ಲೂ ಈ ಪದ್ಧತಿ ಇದ್ದದ್ದು ನಾನು ಕೇಳಿಲ್ಲ. ಅವತ್ತು ಅಕ್ಕೋರೇ ಸಾಹೇಬರಾಗಿ ನನ್ನನ್ನು ಮೂರು ಸಲ ಅಳಿಸಿದರು. ನಾಲ್ಕನೇ ಸಲ ನಾನು ಅಳಲಿಲ್ಲ. ಮರುದಿನ ನಿಜವಾದ ಆಫೀಸಿನಲ್ಲಿ ನನ್ನ ನಿಯೋಜನೆ ರದ್ದಾಯಿತು.

ಮುಂದಿನ ವಾರ ಅವರು ನನ್ನನ್ನು ಕುರ್ಚಿಯಲ್ಲಿ ಕೂಡಿಸಿದರು. “ಬೈಯಾಕ ಬರತೈತೆಲ್ಲ, ಬೈ,” ಎಂದರು.

ಅಯ್ಯ, ಎಂಥ ಸಾಹೇಬಳಾದೆ ನಾನು! ಅಕ್ಕೋರ ಚಾಳೀಸು ಮೂಗಿನ ತುದಿಗೆ ಇಳಿಬಿಟ್ಟುಕೊಂಡು, ಎದುರಿನವರ ಮುಖ ನೋಡದೆ, ಹಳೇ ವರ್ತಮಾನ ಪತ್ರಿಕೆಯ ಮೇಲೆ ಸಹಿ ಮಾಡುತ್ತ ಹೇಳುತ್ತಿದ್ದೆ: “ನಿಯಮದಾಗ ಇಲ್ಲ. ಮ್ಯಾಲಿಂದ ಆದೇಶ ಬರಬೇಕು. ನಿಮಗೊಬ್ಬರಿಗೆ ಮಾಡಿಕೊಟ್ರ ನಾಳೆ ಎಲ್ಲಾರೂ ಬರ್ತಾರ. ಮತ್ತ ಸಾಲಿ ಯಾರು ನಡಸ್ಬೇಕ್ರಿ?” ನಡುವೆ ಯಾರದೋ ಫೋನು ಬಂದಂತೆ ಎದ್ದು ಹೊರಗೆ ಹೋಗಿ, ಅಡುಗೆಮನೆಯಲ್ಲಿ ಒಂದು ವಾಟೆ ನೀರು ಕುಡಿದು, ತಿರುಗಿ ಬಂದು, “ಏನ್ ನಿಮ್ದು?” ಎಂದು ಮೊದಲಿನಿಂದ ಕೇಳುತ್ತಿದ್ದೆ. ಮೀಸೆ ಹೊತ್ತ ಮಾಸ್ತರುಗಳು ನನ್ನ ಎದುರಿಗೆ ಬೆವೆತಿದ್ದಾರೆ. ಒಬ್ಬರು ಸಂತೆಯಲ್ಲಿ ನನ್ನನ್ನು ಕಂಡು, ಕೈಯಲ್ಲಿದ್ದ ಮೆಂತ್ಯೆ ಸೂಡು ಬಿಟ್ಟು “ನಮಸ್ಕಾರ್ರಿ ಸಾಹೇಬ್ರ” ಎಂದುಬಿಟ್ಟಿದ್ದರು.

ಒಮ್ಮೆ ಈ ತಾಲೀಮು ಅತಿಯಾಗಿ ಘಾತವೂ ಆಯಿತು. ಕುಂದಗೋಳ ಕಡೆಯಿಂದ ಬಂದಿದ್ದ ಒಬ್ಬ ಹೆಡ್ ಮಾಸ್ತರರನ್ನು ನಾನು ಎರಡು ಭಾನುವಾರ ಹಿಂಡಿ ಹಿಪ್ಪೆ ಮಾಡಿದ್ದೆ. ಅವರು ನಿಜವಾದ ಸಾಹೇಬರ ಎದುರಿಗೆ ನಿಂತವರೇ, ಸಾಹೇಬರು ಬಾಯಿ ತೆರೆಯುವ ಮೊದಲೇ, “ನಿಯಮದಾಗ ಇಲ್ಲ ಅಂತೀರೇನ್ರಿ? ಐತ್ರಿ!” ಎಂದು ಶುರು ಮಾಡಿದರಂತೆ. ಪಾಪ, ಆ ಸಾಹೇಬರಿಗೆ ಅಲ್ಲಿಯವರೆಗೆ ನಿಯಮದ ನೆನಪೇ ಇರಲಿಲ್ಲ. “ಹೌದಲ್ಲ, ನಿಯಮ ನೋಡಬೇಕು,” ಎಂದು ಫೈಲು ಮುಚ್ಚಿಟ್ಟರಂತೆ. ಇದನ್ನು ಅಕ್ಕೋರು ಬಸ್ಸಿನಲ್ಲಿ ಹೇಳುವಾಗ ನಾವಿಬ್ಬರೂ ನಕ್ಕ ನಗೆಗೆ ಕಂಡಕ್ಟರ್ ತಿರುಗಿ ನೋಡಿದ್ದ.

ಅಕ್ಕೋರು ಬಸ್ಸಿನಲ್ಲಿ ‘ಹೇಳುವಾಗ’ ಎಂದೆ, ನೋಡಿ. ಏಕೆಂದರೆ ನನ್ನ ಆ ಒಂದು ಅರ್ಜಿ ಬಿಟ್ಟರೆ ಮುಂದೆ ನಾನು ಒಳಗೆ ಇರುತ್ತಿರಲಿಲ್ಲ. ನಿಯೋಗ ಒಳಗೆ ಹೋದಾಗ ನಾನು ಹೊರಗೆ ಬೆಂಚಿನ ಮೇಲೆ ಎಲ್ಲರ ಬ್ಯಾಗು, ಛತ್ರಿ, ಬುತ್ತಿ ಕಾಯುತ್ತ ಕೂಡುತ್ತಿದ್ದೆ. ನನ್ನನ್ನೂ ಕರೆದುಕೊಂಡು ಹೋಗಿರಿ ಎಂದು ಒಮ್ಮೆ ಕೇಳಿದ್ದೆ. “ನೀ ಒಳಗ ಬಂದ್ರ ಸಾಹೇಬ್ರಿಗೆ ಬೈತೀ ಬೇ,” ಎಂದು ನಕ್ಕಿದ್ದರು. ನಾನೂ ನಕ್ಕು ಸುಮ್ಮನಾದೆ. ಯಾಕೆಂದರೆ ವಾಪಸು ಬರುವಾಗ ಬಸ್ಸಿನಲ್ಲಿ ಅವರ ಬಾಜು ಸೀಟು ನನ್ನದು. ಒಳಗೆ ಆದದ್ದನ್ನೆಲ್ಲ ಅವರು ನನಗೊಬ್ಬಳಿಗೇ ಹೇಳುತ್ತಿದ್ದರು. “ನೀ ಹೇಳಿದ್ದ ನಾಕರಾಗ ಮೂರ ನೆಪ ತಗದಾ ನೋಡು,” ಎಂದು ನನ್ನ ತೊಡೆಗೆ ತಟ್ಟುತ್ತಿದ್ದರು. ಆ ಒಂದು ತಟ್ಟಿಗಾಗಿ ನಾನು ಇಡೀ ದಿನ ಬ್ಯಾಗು ಕಾದೇನು. ಹದಿನಾರು ವರ್ಷ ಕಾದೆ ಕೂಡ.

ಆಮೇಲೆ ಬಂದಳು ದುಮ್ಮವಾಡದಾಕೆ. ಕಲಘಟಗಿ ತಾಲೂಕಿನ ದುಮ್ಮವಾಡ ಆಕೆಯ ತವರೂರು, ಮದುವೆಯಾಗಿ ನಮ್ಮ ಕಡೆಗೆ ವರ್ಗ ಮಾಡಿಸಿಕೊಂಡು ಬಂದಿದ್ದಳು. ನನಗಿಂತ ಹದಿನೈದು ವರ್ಷ ಸಣ್ಣವಳು. ಮೆಲ್ಲಗೆ ಮಾತಾಡುತ್ತಾಳೆ, ಎಲ್ಲದಕ್ಕೂ ಹೌದ್ರಿ ಹೌದ್ರಿ ಎನ್ನುತ್ತಾಳೆ. ಆಕೆಯ ಸಾಲಿಯಲ್ಲಿ ಐದು ತರಗತಿಗೆ ಆಕೆ ಒಬ್ಬಳೇ, ಇನ್ನೊಬ್ಬ ಶಿಕ್ಷಕರು ಬೇಕು ಎಂಬುದು ಅಹವಾಲು. ಜಮಖಾನೆಯ ಮೇಲೆ ನಿಂತಳು. ಇವಳನ್ನು ಒಂದೇ ನೆಪಕ್ಕೆ ಕೆಡವಬಹುದು ಎಂದುಕೊಂಡೆ ನಾನು.

“ಆಗಂಗಿಲ್ಲ. ಮಕ್ಕಳ ಸಂಖ್ಯಾ ಕಡಿಮಿ ಐತಿ,” ಎಂದೆ.

“ಹೌದ್ರಿ ಸರ್,” ಎಂದಳು. ನಿಂತೇ ಇದ್ದಳು.

“ಹೌದ್ರಿ ಅಂದಮ್ಯಾಲ ಮತ್ಯಾಕ ನಿಂತೀರಿ?”

“ನೀವ್ ಈಗ ಹೇಳಿದ್ದನ್ನ ಒಂದ್ ಹಾಳ್ಯಾಗ ಬರದು ಸಹಿ ಮಾಡಿ ಕೊಡ್ರಿ ಸರ್. ಊರಾಗ ಪಾಲಕರಿಗೆ ತೋರಸ್ತೇನಿ. ನಾ ಹೇಳಿದ್ರ ಅವ್ರು ನಂಬಂಗಿಲ್ರಿ.”

ನನ್ನ ಕೈಯಲ್ಲಿ ಪೆನ್ನು ಇತ್ತು, ಎದುರಿಗೆ ಹಾಳೆ ಇತ್ತು. ಬರೆಯಲು ನನ್ನಿಂದ ಆಗಲಿಲ್ಲ. ಯಾವ ಸಾಹೇಬನಿಂದಲೂ ಆಗುವುದಿಲ್ಲ. ಇಲ್ಲ ಎಂದು ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಕಾಗದದ ಮೇಲೆ ಹೇಳಲು ಬರುವುದಿಲ್ಲ. ನಾನು ಫೋನು ಬಂದಂತೆ ಎದ್ದು ಅಡುಗೆಮನೆಗೆ ಹೋದೆ. ತಿರುಗಿ ಬಂದಾಗಲೂ ಆಕೆ ಅಲ್ಲೇ ನಿಂತಿದ್ದಳು. ಜಮಖಾನೆಯ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ಅಕ್ಕೋರು ನಗಲಿಲ್ಲ. ಅವರು ಆಕೆಯನ್ನು ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು, ಅದಕ್ಕಾಗಿಯೇ ನಾನು ಹದಿನಾರು ವರ್ಷ ಕಾದಿದ್ದೆ.

ಆ ಸೋಮವಾರ ಆಕೆ ಅಕ್ಕೋರ ಜೊತೆ ಒಳಗೆ ಹೋದಳು, ತನ್ನ ಬ್ಯಾಗನ್ನೂ ನನ್ನ ತೊಡೆಯ ಮೇಲಿಟ್ಟು. “ಸ್ವಲ್ಪ ನೋಡ್ರಿ ಅಕ್ಕಾರ,” ಎಂದಳು. ವಾಪಸು ಬಸ್ಸಿನಲ್ಲಿ ಅಕ್ಕೋರು ಕಿಟಕಿ ಪಕ್ಕ, ಅವರ ಬಾಜೂಕೆ ಆಕೆ. ಇಬ್ಬರೂ ಒಳಗೇ ಇದ್ದರಲ್ಲ, ಹಾಗಾಗಿ ಒಬ್ಬರಿಗೊಬ್ಬರು ಹೇಳುವುದೇನೂ ಇರಲಿಲ್ಲ. ಆದರೂ ದಾರಿಯುದ್ದಕ್ಕೂ ಗುಸುಗುಸು. ನಾನು ಹಿಂದಿನ ಸೀಟಿನಲ್ಲಿ ಕುಳಿತು ಅವರ ತುರುಬು ನೋಡುತ್ತ ಬಂದೆ.

ಇನ್ನೊಂದು ದಿನ ಆಕೆ ರೊಟ್ಟಿ ತಂದಿದ್ದಳು. ಅಕ್ಕೋರು ಒಂದು ತುಂಡು ಮುರಿದು ಬೆಳಕಿಗೆ ಹಿಡಿದು, “ಎಷ್ಟ್ ತೆಳ್ಳಗ ಬಡದೀಯವಾ!” ಎಂದರು. ನನ್ನ ರೊಟ್ಟಿ ತಿಂದ ವರ್ಷಗಳಲ್ಲಿ ಒಂದು ದಿನವೂ ಅದನ್ನು ಬೆಳಕಿಗೆ ಹಿಡಿಯಲಿಲ್ಲ ಆ ಮಹಾತಾಯಿ. ಮನೆಗೆ ಬಂದು ನಾನು ಹಿಟ್ಟು ನಾದಿ ತೆಳ್ಳಗೆ ಬಡಿಯಲು ಹೋಗಿ ಮೂರು ರೊಟ್ಟಿ ಹರಿದೆ. ಮಗಳು ನೋಡಿ, “ಯಾರ ಮ್ಯಾಲಿನ ಸಿಟ್ಟವಾ?” ಎಂದಳು. ಮಕ್ಕಳಿಗೂ ಗೊತ್ತಾಗುತ್ತದೆ.

ಮೂರು ಭಾನುವಾರ ತಾಲೀಮಿಗೆ ಹೋಗಲಿಲ್ಲ. ಕರೆಯುತ್ತಾರೆ, ಯಾಕ ಬರಲಿಲ್ಲ ಅಂತಾರೆ, ಆಗ ಒಂದಿಷ್ಟು ಬಿಗಿಯಬೇಕು ಎಂದು ಕಾದೆ. ಯಾರೂ ಕರೆಯಲಿಲ್ಲ. ನಾಲ್ಕನೇ ಭಾನುವಾರ ನಾನೇ ಹೋಗಿ, “ಮನ್ಯಾಗ ಕುಂತು ಬ್ಯಾಸರಾತ್ರಿ,” ಎಂದೆ. ಅಕ್ಕೋರು ಕಣ್ಣಿನಿಂದ ಚಾಳೀಸು ತೆಗೆದು ನನ್ನ ಕೈಗಿಟ್ಟರು, ಅಷ್ಟೇ.

ಹೀಗೇ ಐದು ವರ್ಷ ಹೋಯಿತು. ಅಕ್ಕೋರು ನಿವೃತ್ತರಾದರು. ಮರು ವರ್ಷ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಗೆ ಒಯ್ದರು, ತಂದರು, ಮತ್ತೆ ಒಯ್ದರು. ಅದೇ ಹೊತ್ತಿಗೆ ಸಂಘದ ತಾಲೂಕು ಕಾರ್ಯದರ್ಶಿಯ ಜಾಗ ಖಾಲಿಯಾಯಿತು. ಈ ಸಲ ಹೆಂಗಸರಿಗೇ ಕೊಡೋಣ, ಅಕ್ಕೋರು ಯಾರ ಹೆಸರು ಹೇಳುತ್ತಾರೋ ಅವರೇ ಆಗಲಿ ಎಂದು ಗಂಡಸರೂ ಒಪ್ಪಿದ್ದರು. ನನಗೆ ಆ ಜಾಗ ಬೇಕಿತ್ತು. ಆಫೀಸಿನ ಬಾಗಿಲು ದೂಡಿಕೊಂಡು ಒಳಗೆ ಹೋಗಬೇಕು, ನನ್ನ ಬ್ಯಾಗನ್ನು ಬೇರೆ ಯಾರಾದರೂ ಕಾಯಬೇಕು ಎಂಬ ಆಸೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಕ್ಕೋರು ತಮ್ಮ ಬಾಯಿಂದ ನನ್ನ ಹೆಸರು ಹೇಳಬೇಕಿತ್ತು.

ಒಂದು ಬೆಳಿಗ್ಗೆ ಫೋನು ಮಾಡಿದರು. “ಇವತ್ತ ಒಬ್ಬಾಕಿನ ಬಾ,” ಎಂದರು. ಒಬ್ಬಾಕಿನ! ನಾನು ಪೆಟ್ಟಿಗೆ ತೆಗೆದು ಇಳಕಲ್ ಸೀರೆ ಉಟ್ಟುಕೊಂಡೆ. ನಡೆಯುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಪಡಸಾಲೆಯಲ್ಲಿ ಅಕ್ಕೋರು ಹೊರಸಿನ ಮೇಲೆ ದಿಂಬಿಗೆ ಒರಗಿದ್ದರು. ಅರ್ಧ ಆಗಿಹೋಗಿದ್ದರು. ಎದುರಿಗೆ ಅದೇ ಕುರ್ಚಿ. “ಕುಂದ್ರು. ಚಾಳೀಸು ಹಾಕ್ಕೊ. ಇವತ್ತ ಅರ್ಜಿ ನಂದೈತಿ,” ಎಂದರು.

ನಾನು ಕುಳಿತೆ.

“ಸಾಹೇಬ್ರ, ನಮ್ಮ ಸಂಘಕ್ಕ ಒಬ್ಬಾಕಿ ಹುಡುಗಿನ್ನ ಕಾರ್ಯದರ್ಶಿ ಮಾಡಬೇಕಂತ ಮಾಡೇನ್ರಿ. ದುಮ್ಮವಾಡದಾಕಿ.”

ಕುರ್ಚಿಯ ರೂಢಿ ಎಂಥದು ನೋಡಿ, ಬಾಯಿ ತಾನೇ ಮಾತಾಡಿತು. “ಆಗಂಗಿಲ್ಲ. ಹೊರಗಿನ ತಾಲೂಕಿನಾಕಿ.”

“ಆರ ವರ್ಷ ಆತ್ರಿ ಬಂದು. ತಾಲೂಕಿನ ಒಂದ್ ಸಾಲಿ ಬಿಟ್ಟಿಲ್ಲ, ಎಲ್ಲಾ ಅಡ್ಡಾಡ್ಯಾಳ.”

“ಅನುಭವ ಸಾಲಂಗಿಲ್ಲ.”

“ಸಾಹೇಬ್ರ ಮುಂದ ಹೆಂಗ ನಿಲ್ಲಬೇಕಂತ ತಿಳದೈತ್ರಿ.”

“ಆಕಿಗಿಂತ ಹಿರ್ಯಾಕಿ ಒಬ್ಬಾಕಿ ಇದ್ದಾಳ,” ಎಂದೆ. ನನ್ನ ದನಿ ಸಾಹೇಬರದಾಗಿ ಉಳಿದಿರಲಿಲ್ಲ. “ಇಪ್ಪತ್ತೆರಡ ವರ್ಷ ನಿಮ್ಮ ಬ್ಯಾಗ ಕಾಯ್ದಾಳ. ಆಕಿಗೇನ ಕೊಟ್ರಿ?”

ಅಕ್ಕೋರು ದಿಂಬು ಹಿಂದೆ ಸರಿಸಿ ನೆಟ್ಟಗೆ ಕುಳಿತರು. ಆಮೇಲೆ ಅರ್ಜಿಯವರ ದನಿ ಬಿಟ್ಟು ತಮ್ಮ ದನಿಯಲ್ಲಿ ಹೇಳಿದರು: “ನಿನ್ನ ಕುರ್ಚಿ ಮ್ಯಾಲ ಕೂಡಿಸಿದ್ದು ನಾನ. ನೀ ಅಷ್ಟ್ ಛಲೋ ಮಾಡತಿದ್ದಿ, ಎಬ್ಬಸಾಕ ಮನಸ ಆಗಲಿಲ್ಲ. ಇಲ್ಲ ಅಂದ್ ಅಂದ್ ನಿನಗ ಅದ ರೂಢಿ ಆತು. ಕೇಳೂದ ಕಲಸಲೇ ಇಲ್ಲ ನಾ ನಿನಗ. ತಪ್ಪ ನಂದ. ಆದ್ರ ನನ್ನ ತಪ್ಪಿಗೆ ಸಂಘ ಯಾಕ ಸುಡಬೇಕು?”

ಕ್ಷಮೆ ಕೇಳುತ್ತಲೇ ಆಕೆಯನ್ನು ಗೆಲ್ಲಿಸಿದರು. ಸಾಯುವ ಹೆಂಗಸಿನ ಎದುರಿಗೆ ಒಳ್ಳೆಯ ಮಾತು ಆಡಬೇಕೆಂದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆದರೆ ನಾನು ಚಾಳೀಸು ತೆಗೆದು ಹೊರಸಿನ ಮೇಲಿಟ್ಟೆ. “ನಿಮ್ಮ ಅರ್ಜಿ ಆಗಂಗಿಲ್ರಿ,” ಎಂದೆ. ತಮ್ಮನ ಹೆಂಡತಿ ಚಹಾ ತರುತ್ತಿದ್ದಳು, ಆಕೆಯನ್ನು ದಾಟಿಕೊಂಡು ಹೊರಗೆ ಬಂದೆ. ಹಿಂದಿನಿಂದ ಅಕ್ಕೋರು “ಲೇ, ನಿಲ್ಲ” ಎಂದರು. ನಿಲ್ಲಲಿಲ್ಲ.

ಮತ್ತೆ ನಾನು ಅವರನ್ನು ಜೀವಂತ ನೋಡಲಿಲ್ಲ. ಎರಡು ದಿನಕ್ಕೆ ಮತ್ತೆ ಹುಬ್ಬಳ್ಳಿಯ ದವಾಖಾನೆಗೆ ಒಯ್ದರೆಂದು, ದುಮ್ಮವಾಡದಾಕೆ ರಜೆ ಹಾಕಿ ಬಾಜೂಕೆ ಕುಳಿತಿದ್ದಾಳೆಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ನೋಡಿದೆ. ಹೋಗಬಹುದಿತ್ತು. ಬಸ್ಸಿಗೇನು ಬರವೇ? ಆದರೆ ಆಕೆ ಬಾಗಿಲಲ್ಲಿ ನಿಂತು ನನ್ನನ್ನು ‘ಬರ್ರಿ’ ಎಂದು ಒಳಗೆ ಕರೆಯಬೇಕೇ, ಅಕ್ಕೋರ ಹತ್ತಿರ ಹೋಗಲು ನನಗೆ ಆಕೆಯ ಅಪ್ಪಣೆ ಬೇಕೇ ಎಂದು ಹಲ್ಲು ಕಚ್ಚಿಕೊಂಡು ಕುಳಿತೆ. ಅಕ್ಕೋರೇ ಕರೆಯಲಿ, ಕರೆದರೆ ಉಟ್ಟ ಸೀರೆಯಲ್ಲೇ ಓಡಿಹೋಗುತ್ತೇನೆ ಎಂದುಕೊಂಡಿದ್ದೆ. ಕ್ಲಾಸಿನಲ್ಲೂ ಫೋನು ಮೇಜಿನ ಮೇಲೇ ಇಟ್ಟುಕೊಂಡಿರುತ್ತಿದ್ದೆ. ಅದು ರಿಂಗಾಗಲಿಲ್ಲ. ನಾನು ಅವರಿಗೆ ಬೇಡವಾದೆ ಎಂದು ಖಾತ್ರಿಯಾಯಿತು. ಎಂಟನೇ ದಿನ ಗುಂಪಿನಲ್ಲಿ ದುಮ್ಮವಾಡದಾಕೆಯೇ ಸುದ್ದಿ ಹಾಕಿದ್ದಳು.

ಮಣ್ಣಿಗೆ ಹೋದೆ. ಆಕೆ ಒಳಗೆ ಮನೆಯವರ ನಡುವೆ ಕುಳಿತಿದ್ದಳು, ನಾನು ಹೊರಗೆ ಊರವರ ಜೊತೆ ನಿಂತಿದ್ದೆ. ಮುಂದೆ ಆಕೆಯನ್ನು ಒಮ್ಮತದಿಂದ ಕಾರ್ಯದರ್ಶಿ ಮಾಡಿದಾಗ ನಾನೂ ಕೈ ಎತ್ತಿದೆ. ಎತ್ತದಿದ್ದರೆ ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು.

ಸಂಚಿಕೆ ಬಂದ ಮೇಲೆ ಒಂದು ಶನಿವಾರ, ಬೆಳಗಿನ ಸಾಲಿ ಮುಗಿಸಿ ಬಂದು ಜೋಳ ಹಸನು ಮಾಡುತ್ತಿದ್ದೆ. ದುಮ್ಮವಾಡದಾಕೆ ಬಾಗಿಲಿಗೆ ಬಂದು ನಿಂತಳು. ನಾನು ಬಾ ಎನ್ನಲಿಲ್ಲ. ಬಂದು ಎದುರಿಗೆ ಕುಳಿತಳು. ಸಂಘದ ವಿಷಯ ಏನಾದರೂ ಕೇಳುತ್ತಾಳೆ, ಇಲ್ಲ ಎಂದು ಹೇಳಿ ಕಳಿಸೋಣ ಎಂದುಕೊಂಡೆ. ಆಕೆ ಏನೂ ಕೇಳಲಿಲ್ಲ. ಮೊರದೊಳಗಿನ ಜೋಳದಲ್ಲಿ ಹರಳು ಹುಡುಕತೊಡಗಿದಳು. ಕೊನೆಗೆ ನನಗೇ ತಡೆಯಲಾಗಲಿಲ್ಲ.

“ಕಡೀಕ ನನ್ನ ಹೆಸರೇನರ ತಗದಿದ್ರೇನ ಅಕ್ಕೋರು?” ಎಂದೆ. ಜೀವನದಲ್ಲಿ ಆಕೆಯನ್ನು ನಾನು ಬೇಡಿದ್ದು ಅದೊಂದೇ.

ಆಕೆಯ ಕೈ ನಿಂತಿತು. “ತಗದಿದ್ರಿ,” ಎಂದಳು. “ಅದನ್ನ ಹೇಳಾಕ ಬಂದೇನ್ರಿ. ಎರಡ ದಿನ ಕೇಳಿದ್ರು. ಆಕಿನ್ನ ಕರಿ, ಆಕಿಗೊಂದ ಮಾತ ಹೇಳೂದೈತಿ ಅಂದ್ರು. ಫೋನ ನನ್ನ ಕೈಯಾಗ ಇತ್ರಿ. ಹಚ್ಚೇನ್ರಿ, ಹತ್ತವಲ್ಲದ್ರಿ ಅಂತ ಸುಳ್ಳ ಹೇಳಿದ್ನಿ.”

“ಯಾಕ?”

“ಅಷ್ಟ ದಿನ ಉಚ್ಚಿ ಹೇಲ ಬಳದಾಕಿ ನಾನ್ರಿ. ನಿದ್ದಿಗಣ್ಣಾಗೂ ನಿಮ್ಮನ್ನ ಕೇಳತಿದ್ರು. ಸಾಹೇಬಳು ಬಂದ್ಲೇನ, ಸಾಹೇಬಳು ಬಂದ್ಲೇನ ಅಂತ. ಒಮ್ಮೆ ನನಗ ನಿಮ್ಮ ಹೆಸರ ಹಿಡದ ಕರದ್ರು. ನನಗ ಹೊಟ್ಟಿಕಿಚ್ಚ ತಡೀಲಿಲ್ರಿ ಅಕ್ಕಾರ.”

“ಏನ್ ಹೇಳೂದಿತ್ತಂತ?”

“ಕೇಳಿದ್ನಿ. ನನಗ ಹೇಳ್ರಿ, ನಾ ಮುಟ್ಟಸ್ತೇನಿ ಅಂದ್ನಿ. ನಿನಗಲ್ಲ, ಆಕಿಗೇ ಹೇಳೂದು ಅಂದ್ರು. ಹೇಳಲಿಲ್ರಿ.”

ಆಕೆ ಅಳತೊಡಗಿದಳು. ಎದ್ದು ಆಕೆಯ ಕೆನ್ನೆಗೆ ಬಾರಿಸಬೇಕಿತ್ತು ನಾನು. ಅಕ್ಕೋರು ನನಗೆಂದು ಇಟ್ಟುಕೊಂಡಿದ್ದ ಮಾತನ್ನು ಮಣ್ಣಿಗೆ ಹಾಕಿ ಬಂದಿದ್ದಳು ಆಕೆ. ಅದು ಬೈಗುಳವಿತ್ತೋ, ಸಮಾಧಾನವಿತ್ತೋ, ಇನ್ನು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಆದರೂ ನಾನು ಮಾಡಿದ್ದೇನು ಗೊತ್ತೇ? “ಎರಡ ದಿನ ಕೇಳಿದ್ರಾ?” ಎಂದೆ. “ಎರಡ ದಿನ್ರಿ,” ಎಂದಳು. “ನಿದ್ದಿಗಣ್ಣಾಗೂ?” ಎಂದೆ. “ಹೌದ್ರಿ,” ಎಂದಳು. ಇನ್ನೊಮ್ಮೆ ಹೇಳಿಸಿದೆ. ಆಕೆ ಅಳುತ್ತ ಅಳುತ್ತ ಇನ್ನೊಮ್ಮೆ ಹೇಳಿದಳು.

“ಅಳಬ್ಯಾಡ ಸುಮ್ನಿರು,” ಎಂದೆ ಕೊನೆಗೆ. “ಅಕ್ಕೋರು ನಿನ್ನನ್ನ ಹಂಗ ಕೇಳಿದ್ರ ನಾನೂ ಫೋನ್ ಹಚ್ಚತಿದ್ದಿಲ್ಲ.”

ಆಕೆಯ ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಅದು. ನಿಜವಾಗಿಯೂ ಹಚ್ಚುತ್ತಿರಲಿಲ್ಲ.